ಮುಖ ಗುರುತಿಸುವ ಮೊದಲು ಬೆಳಗಿನ ತಿಂಡಿ ಕೊಡಿ: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. ನೌಕರಿಯ ಮೊದಲ ಅರ್ಧ ಸುರಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕಳೆಯಿತು. ಉಳಿದದ್ದು ಬೆಂಗಳೂರಿನ ಅಂಚಿನಲ್ಲಿ, ಆನೇಕಲ್ ತಾಲ್ಲೂಕಿನಲ್ಲಿ. ಈಗ ಬೆಂಗಳೂರಿನಲ್ಲೇ ಮಗನ ಮನೆಯಲ್ಲಿ ಇದ್ದೇನೆ. ಈ ಪತ್ರದ ಒಂದು ಪ್ರತಿ ನಿಮ್ಮ ಕಚೇರಿಗೂ ಬಂದಿದೆ. ಅದು ಯಾವ ಟಪಾಲಿನ ಅಡಿಯಲ್ಲಿ ಕೂತಿದೆಯೋ ಏನೋ. ಅದಕ್ಕೇ ಬಹಿರಂಗವಾಗಿಯೂ ಬರೆಯುತ್ತಿದ್ದೇನೆ.

ಮಕ್ಕಳ ಮುಖವನ್ನು ಮೊಬೈಲ್ ಕ್ಯಾಮೆರಾದಲ್ಲಿ ಗುರುತಿಸಿ ಹಾಜರಿ ಹಾಕುವ ವ್ಯವಸ್ಥೆಗೆ ಇಲಾಖೆ ಕೈಹಾಕಿದೆ ಅಂತ ಓದಿದೆ. ಸುಳ್ಳು ಹಾಜರಿ ನಿಲ್ಲುತ್ತದೆ, ಊಟದ ಲೆಕ್ಕ ಸರಿಯಾಗುತ್ತದೆ ಅನ್ನುವುದು ಉದ್ದೇಶವಂತೆ. ಸುಳ್ಳು ಹಾಜರಿ ಇಲ್ಲ ಅಂತ ನಾನು ವಾದ ಮಾಡುವುದಿಲ್ಲ. ಕೂತಿರುವ ಮಕ್ಕಳಿಗಿಂತ ಪುಸ್ತಕದಲ್ಲಿರುವ ಮಕ್ಕಳು ಜಾಸ್ತಿ ಇರುವ ಶಾಲೆಗಳನ್ನು ನಾನೂ ನೋಡಿದ್ದೇನೆ. ಆದರೆ ಕ್ಯಾಮೆರಾ ಗುರುತಿಸುವುದು ಬಂದ ಮಗುವನ್ನು. ಬಾರದ ಮಗು ಯಾಕೆ ಬರಲಿಲ್ಲ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಬಡವರ ಮಕ್ಕಳ ವಿಷಯದಲ್ಲಿ ಆ ಉತ್ತರ ಎಷ್ಟೋ ಸಲ ಮನೆಯ ಒಲೆಯ ಹತ್ತಿರವೇ ಇರುತ್ತದೆ.

ನನ್ನ ಬೇಡಿಕೆ ಒಂದೇ. ಶಾಲೆಯಲ್ಲಿ ಬೆಳಗಿನ ತಿಂಡಿ ಶುರುಮಾಡಿ. ಹಾಲಿನ ಜೊತೆ ಬಿಸ್ಕತ್ತು ಕೊಟ್ಟು ಕೈತೊಳೆದುಕೊಳ್ಳುವುದಲ್ಲ. ಉಪ್ಪಿಟ್ಟು, ಅವಲಕ್ಕಿ, ಪೊಂಗಲ್, ಚಿತ್ರಾನ್ನ, ಏನಾದರೂ ಸರಿ. ಬಿಸಿಯಾಗಿ, ಹೊಟ್ಟೆ ತುಂಬುವಷ್ಟು.

ಊಟಕ್ಕೂ ಹಾಜರಿಗೂ ಇರುವ ನಂಟನ್ನು ನಿಮ್ಮ ಇಲಾಖೆಗೆ ಹೊಸದಾಗಿ ಹೇಳಬೇಕಿಲ್ಲ. 1995ರ ಆಗಸ್ಟ್ 15ರಂದು ಕೇಂದ್ರದ ಶಾಲಾ ಊಟದ ಯೋಜನೆ ಶುರುವಾದಾಗ ಬೇಯಿಸಿದ ಊಟ ಇರಲಿಲ್ಲ. ಶೇ 80ರಷ್ಟು ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕೆಜಿ ಧಾನ್ಯ, ಅಷ್ಟೇ. ಅಕ್ಕಿ ಹಂಚುವ ದಿನ ಶಾಲೆ ಜಾತ್ರೆಯಾಗುತ್ತಿತ್ತು. ಮಗುವಿನ ಜೊತೆ ಅಪ್ಪ, ಅಜ್ಜಿ, ಕೈಯಲ್ಲಿ ಚೀಲ. ಮಾರನೇ ದಿನ ನಾವು, ಕಪ್ಪು ಹಲಗೆ, ಮುಂದಿನ ಎರಡು ಸಾಲು. ಅಕ್ಕಿ ಮನೆಯ ಡಬ್ಬಿಗೆ ಹೋದರೆ ಅದು ಮನೆಯವರೆಲ್ಲರ ಅಕ್ಕಿ. ತಪ್ಪೇನಿಲ್ಲ. ಆದರೆ ಶಾಲೆಗೆ ಬರುವುದಕ್ಕೂ ಅದಕ್ಕೂ ಸಂಬಂಧ ಉಳಿಯುತ್ತಿರಲಿಲ್ಲ.

2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಆದೇಶ ಮಾಡಿತು. ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಮರುವರ್ಷ ಜೂನ್‌ನಲ್ಲಿ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ, ಅಂದರೆ ಬಿಸಿಯೂಟ ಯೋಜನೆ ಬಂತು. ಮೊದಲು ಉತ್ತರದ ಏಳು ಜಿಲ್ಲೆಗಳಿಗೆ. ಸುರಪುರ ಆಗ ಇನ್ನೂ ಗುಲ್ಬರ್ಗ ಜಿಲ್ಲೆಯಲ್ಲಿತ್ತು, ಯಾದಗಿರಿ ಜಿಲ್ಲೆ ಆಗಿರಲಿಲ್ಲ. ಹಾಗಾಗಿ ಮೊದಲ ದಿನಗಳ ಗದ್ದಲವೆಲ್ಲ ನನ್ನ ಕಣ್ಣೆದುರೇ ನಡೆಯಿತು. ಒಲೆ ಇಲ್ಲ, ಸೂರಿಲ್ಲ, ಶಾಲೆಯ ಗೋಡೆಗೆ ಒರಗಿಸಿ ಮೂರು ಕಲ್ಲು. ಯಾರು ಅಡುಗೆ ಮಾಡಬೇಕು, ಯಾರ ಕೈಯ ಊಟ ಯಾರು ಉಣ್ಣುತ್ತಾರೆ ಅನ್ನುವ ಗಲಾಟೆ ಬೇರೆ. ಆ ಗಲಾಟೆ ಪೂರ್ತಿ ಮುಗಿದಿಲ್ಲ ಅನ್ನುವುದು ಆಗಾಗ ಪೇಪರಿನಲ್ಲಿ ಗೊತ್ತಾಗುತ್ತಲೇ ಇರುತ್ತದೆ. ಆದರೂ ಒಂದೇ ಸಾಲಿನಲ್ಲಿ ಎಲ್ಲ ಕೇರಿಯ ಮಕ್ಕಳು ತಟ್ಟೆ ಇಟ್ಟುಕೊಂಡು ಕೂತದ್ದನ್ನು ಆ ಊರಿನ ಹಿರಿಯರು ಬಂದು ನಿಂತು ನೋಡಿದರು. ಕೆಲವರು ಮುಖ ಗಂಟು ಹಾಕಿಕೊಂಡೇ ನೋಡಿದರು. ನೋಡಲಿ ಬಿಡಿ.

ಹಾಜರಿ ಮೊದಲು ಏರಿದ್ದು ಮಧ್ಯಾಹ್ನ. ಅಲ್ಲಿವರೆಗೆ ಊಟಕ್ಕೆ ಬಿಟ್ಟ ಮಕ್ಕಳಲ್ಲಿ ಎಷ್ಟೋ ಮಂದಿ ವಾಪಸ್ ಬರುತ್ತಲೇ ಇರಲಿಲ್ಲ. ಮನೆಗೆ ಹೋದ ಹುಡುಗಿಗೆ ಅಲ್ಲಿ ಒಂದು ಕೆಲಸ ಕಾದಿರುತ್ತಿತ್ತು. ನೀರು ತರುವುದು, ಕೂಸು ಎತ್ತಿಕೊಳ್ಳುವುದು, ಹೊಲಕ್ಕೆ ಬುತ್ತಿ ಒಯ್ಯುವುದು. ಊಟ ಶಾಲೆಯಲ್ಲೇ ಆದ ಮೇಲೆ ಆ ಹುಡುಗಿ ನಾಲ್ಕು ಗಂಟೆಯವರೆಗೂ ನಮ್ಮ ಜೊತೆ ಇದ್ದಳು. ಮಧ್ಯಪ್ರದೇಶದ ಹಳ್ಳಿಗಳ ಮೇಲೆ ನಡೆದ ಒಂದು ಅಧ್ಯಯನ ಇದೇ ಮಾತನ್ನು ಅಂಕಿಯಲ್ಲಿ ಹೇಳಿದೆ. ಅಲ್ಲಿ ಬಿಸಿಯೂಟ ಬಂದ ಮೇಲೆ ಒಂದನೇ ತರಗತಿಯ ಹುಡುಗಿಯರ ಹಾಜರಿ ಶೇಕಡಾವಾರು 12 ಅಂಶಕ್ಕಿಂತ ಹೆಚ್ಚು ಏರಿತು. 2021ರಲ್ಲಿ ಬಂದ ಇನ್ನೊಂದು ಅಧ್ಯಯನ ಇನ್ನೂ ಮುಂದೆ ಹೋಯಿತು. ಚಿಕ್ಕಂದಿನಲ್ಲಿ ಬಿಸಿಯೂಟ ಉಂಡ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ ಅವರ ಮಕ್ಕಳ ಬೆಳವಣಿಗೆ ಉಳಿದವರ ಮಕ್ಕಳಿಗಿಂತ ಚೆನ್ನಾಗಿತ್ತಂತೆ.

ಮಧ್ಯಾಹ್ನದ ಸಮಸ್ಯೆಗೆ ಹೀಗೆ ಒಂದು ದಾರಿ ಸಿಕ್ಕಿತು. ಉಳಿದದ್ದು ಬೆಳಿಗ್ಗೆ.

ನಮ್ಮ ಶಾಲೆಗಳಲ್ಲಿ ಊಟದ ಗಂಟೆ ಹೊಡೆಯುವುದು ಮಧ್ಯಾಹ್ನ ಒಂದರ ಮೇಲೆ. ಹತ್ತಿ ಬಿಡಿಸುವ ಕಾಲದಲ್ಲಿ ಸುರಪುರದ ಕಡೆ ತಾಯಂದಿರು ಬೆಳಕು ಹರಿಯುವ ಮೊದಲೇ ಕೂಲಿಯವರನ್ನು ಹೊಲಕ್ಕೆ ಒಯ್ಯುವ ಟಂಟಂ ಗಾಡಿ ಹತ್ತುತ್ತಾರೆ. ಮೆಣಸಿನಕಾಯಿ ಬಿಡಿಸುವಾಗಲೂ ಅಷ್ಟೇ. ರಾತ್ರಿಯ ರೊಟ್ಟಿ ಉಳಿದಿದ್ದರೆ ಅದನ್ನು ಬಟ್ಟೆಯಲ್ಲಿ ಕಟ್ಟಿ ಹೊಲಕ್ಕೆ ಒಯ್ಯುತ್ತಾರೆ, ಯಾಕಂದರೆ ಮೈಮುರಿದು ದುಡಿಯುವವರಿಗೆ ಅದು ಬೇಕೇ ಬೇಕು. ಮಗು ಎದ್ದಾಗ ಮನೆಯಲ್ಲಿ ಯಾರೂ ಇಲ್ಲ, ಒಲೆಯೂ ಹೊತ್ತಿಲ್ಲ. 'ಅವ್ವ ಹತ್ತಿ ಬಿಡಸ್ಲಾಕ ಹೋಗ್ಯಾಳ್ರಿ' ಅಂತ ಮಕ್ಕಳು ಹೇಳುತ್ತಿದ್ದರು. ತಿಂದೆಯಾ ಅಂತ ಕೇಳಿದರೆ ಸುಮ್ನೆ ನೆಲ ನೋಡುತ್ತಿದ್ದರು. ಹತ್ತು ಗಂಟೆಯ ಪ್ರಾರ್ಥನೆಯಲ್ಲಿ ತಲೆ ತಿರುಗಿ ಬೀಳುವ ಮಗುವನ್ನು ಕಂಡಿಲ್ಲದ ಪ್ರಾಥಮಿಕ ಶಾಲಾ ಶಿಕ್ಷಕರು ಈ ರಾಜ್ಯದಲ್ಲಿ ಇದ್ದರೆ ಅವರ ಪುಣ್ಯ ದೊಡ್ಡದು.

ಇನ್ನೂ ಒಂದು ವಿಷಯ. ಅಷ್ಟು ಹೊತ್ತು ಹಸಿದಿರಲು ಆಗದ ಮಗು ತಾಯಿಯ ಜೊತೆ ಹೊಲಕ್ಕೇ ಹೋಗುತ್ತದೆ. ಬುತ್ತಿ ಇರುವುದು ಅಲ್ಲಿ ತಾನೇ? ಹೋದ ಮೇಲೆ ಸುಮ್ಮನೆ ಕೂರುತ್ತದೆಯೇ, ಅದೂ ಹತ್ತಿ ಬಿಡಿಸುತ್ತದೆ. ನಾವು ಅದನ್ನು ಬಾಲಕಾರ್ಮಿಕ ಪದ್ಧತಿ ಅಂತ ವರದಿ ಬರೆಯುತ್ತೇವೆ. ವರದಿ ಸುಳ್ಳಲ್ಲ. ಆದರೆ ಎಂಟೂವರೆಗೆ ಶಾಲೆಯಲ್ಲಿ ಒಂದು ತಟ್ಟೆ ಉಪ್ಪಿಟ್ಟು ಸಿಗುವಂತಿದ್ದರೆ ಆ ಮಕ್ಕಳಲ್ಲಿ ಕೆಲವರಾದರೂ ಟಂಟಂ ಹತ್ತುತ್ತಿರಲಿಲ್ಲ.

ಆನೇಕಲ್ ಕಡೆ ಕಥೆ ಬೇರೆ, ಬೆಳಗಿನ ಹೊಟ್ಟೆ ಒಂದೇ. ಅಲ್ಲಿ ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಫ್ಯಾಕ್ಟರಿ ಗಾಡಿ ಏಳೂವರೆಗೇ ಬಂದು ನಿಲ್ಲುತ್ತದೆ. ಅಪ್ಪನದು ಗಾರೆ ಕೆಲಸ. ಎದ್ದ ತಕ್ಷಣ ಅನ್ನ ಇಟ್ಟು ಡಬ್ಬಿಗೆ ತುಂಬಿಕೊಂಡು ಹೊರಟರೆ ಮಗುವಿನ ಕೈಗೆ ಹತ್ತು ರೂಪಾಯಿ. ಅಂಗಡಿಯಲ್ಲಿ ಕುರುಕಲು ಪ್ಯಾಕೆಟ್ಟು, ಅದೇ ತಿಂಡಿ. ಒಂದು ಗಂಟೆಗೆ ಶಾಲೆಯಲ್ಲಿ ಅನ್ನ ಸಾಂಬಾರು ಬಡಿಸಿದರೆ ಆ ಮಗು ಅರ್ಧ ಚೆಲ್ಲುತ್ತದೆ. ನೋಡಿದವರು 'ಈಗಿನ ಮಕ್ಕಳಿಗೆ ಹಸಿವೇ ಇಲ್ಲ' ಅನ್ನುತ್ತಾರೆ.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂತು, 150 ಮಿಲಿ ಹಾಲು. ಮೊದಲು ವಾರಕ್ಕೆ ಮೂರು ದಿನ ಇದ್ದದ್ದು ಆಮೇಲೆ ಐದು ದಿನ ಆಯಿತು. 2024ರ ಫೆಬ್ರುವರಿಯಿಂದ ವಾರಕ್ಕೆ ಮೂರು ದಿನ ಹಾಲಿಗೆ ರಾಗಿ ಹಿಟ್ಟು ಸೇರಿತು. ಒಳ್ಳೆಯದೇ. ಜೋಳದ ಸೀಮೆಯ ಮಕ್ಕಳು ರಾಗಿಯ ಬಣ್ಣ ನೋಡಿ ಮೊದಮೊದಲು ಮೂಗು ಮುರಿದರಂತೆ. ಅಲ್ಲಿ ಈಗಲೂ ನಮ್ಮ ಕಾಲದಲ್ಲಿ ಇದ್ದ ಸಹೋದ್ಯೋಗಿಗಳಿದ್ದಾರೆ, ಅವರು ಹೇಳಿ ನಕ್ಕರು. ಆದರೆ ರಾತ್ರಿಯಿಂದ ಖಾಲಿ ಇರುವ ಹೊಟ್ಟೆಗೆ ಸಿಹಿ ಹಾಲು ಒಂದೇ ಬಿದ್ದರೆ ಕೆಲವು ಮಕ್ಕಳಿಗೆ ವಾಕರಿಕೆ ಬರುತ್ತದೆ. ಗಿಡದ ಬುಡಕ್ಕೆ ಸುರಿದು ಲೋಟ ತೊಳೆದಿಡುತ್ತಾರೆ. ಹಾಲು ತಿಂಡಿಯ ಜೊತೆಗಿರಬೇಕು, ತಿಂಡಿಯ ಬದಲಿಗಲ್ಲ.

ಮೊಟ್ಟೆಯೂ ಹಾಗೆಯೇ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಶುರುವಾದಾಗ ಎಷ್ಟು ವಿರೋಧ ಬಂತು ಅಂತ ನಿಮಗೇ ಗೊತ್ತು. ಕೊನೆಗೆ ಮಾತು ಗೆದ್ದದ್ದು ಮಕ್ಕಳೇ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ ಆಯಿತು. ಬೇಡ ಅನ್ನುವವರಿಗೆ ಬಾಳೆಹಣ್ಣು. ಮೊಟ್ಟೆಯ ದಿನ ತರಗತಿ ತುಂಬಿರುತ್ತದೆ ಅನ್ನುವುದಕ್ಕೆ ಯಾವ ಶಾಲೆಯ ಅಡುಗೆಯವರನ್ನಾದರೂ ಕೇಳಿ ನೋಡಿ. ಅವರಿಗೆ ಹಾಜರಿ ಪುಸ್ತಕ ಬೇಕಾಗುವುದಿಲ್ಲ, ಪಾತ್ರೆ ನೋಡಿದರೆ ಸಾಕು.

ಈಗ ಅತ್ತಿಬೆಲೆ ದಾಟಿ ಒಂದು ಸಲ ಹೊಸೂರಿಗೆ ಹೋಗಿ ಬನ್ನಿ. ನಾನು ಪಾಠ ಮಾಡಿದ ಶಾಲೆಯಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರ. ತಮಿಳುನಾಡು 2022ರ ಸೆಪ್ಟೆಂಬರ್ 15ರಂದು ಮಧುರೈಯಲ್ಲಿ ಬೆಳಗಿನ ತಿಂಡಿ ಯೋಜನೆ ಶುರುಮಾಡಿತು. ಮರುವರ್ಷ ಆಗಸ್ಟ್‌ನಲ್ಲಿ ರಾಜ್ಯದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಹರಡಿತು. ಉಪ್ಪಿಟ್ಟು, ಕಿಚಡಿ, ಪೊಂಗಲ್. ಅಡುಗೆ ಮಾಡುವವರು ಸ್ವಸಹಾಯ ಸಂಘದ ಹೆಂಗಸರು. ಒಂದೇ ಬಿಸಿಲು, ಒಂದೇ ಫ್ಯಾಕ್ಟರಿ ಬಸ್ಸು, ಅದೇ ಗಾರೆ ಕೆಲಸ. ಗಡಿಯ ಆ ಕಡೆಯ ಮಗು ತಿಂದು ತರಗತಿಗೆ ಹೋಗುತ್ತದೆ. ಈ ಕಡೆಯ ಮಗು ಒಂದು ಗಂಟೆಗೆ ಕಾಯುತ್ತದೆ. ಬೇರೆ ಎಲ್ಲದಕ್ಕೂ ಪಕ್ಕದ ರಾಜ್ಯದ ಜೊತೆ ಪೈಪೋಟಿ ಮಾಡುತ್ತೇವೆ, ಇದಕ್ಕೆ ಯಾಕೆ ಬೇಡ?

ಬೆಂಗಳೂರಿನಲ್ಲಂತೂ ಹೊಸದಾಗಿ ಕಂಡುಹಿಡಿಯಬೇಕಾದ್ದು ಏನೂ ಇಲ್ಲ. 2017ರ ಆಗಸ್ಟ್ 16ರಂದು ಇಂದಿರಾ ಕ್ಯಾಂಟೀನ್ ಶುರುವಾಯಿತು. ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಗಾರೆ ಕೆಲಸದ ಅಪ್ಪ ಬೆಳಿಗ್ಗೆ ಅಲ್ಲಿ ಇಡ್ಲಿ ತಿಂದು ಸೈಟಿಗೆ ಹೋಗುತ್ತಾನೆ. ಅಂಥ ಅಡುಗೆಮನೆ ಇರುವ ಕಡೆ ಅಲ್ಲಿಂದಲೇ ಹತ್ತಿರದ ಸರ್ಕಾರಿ ಶಾಲೆಗೆ ನಾಲ್ಕು ಕ್ಯಾರಿಯರ್ ಕಳಿಸಬಹುದಲ್ವಾ? ನಗರದೊಳಗಿನ ಎಷ್ಟೋ ಶಾಲೆಗಳಿಗೆ ಬಿಸಿಯೂಟ ಈಗಲೂ ದೊಡ್ಡ ಅಡುಗೆಮನೆಗಳಿಂದ ವ್ಯಾನಿನಲ್ಲೇ ಬರುತ್ತದೆ. ಬೆಳಿಗ್ಗೆ ಎಂಟೂವರೆಗೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದೂರದಿಂದ ತಿಂಡಿ ತರಿಸುವುದು ಕಷ್ಟ, ಒಪ್ಪುತ್ತೇನೆ. ಅದಕ್ಕೇ ಹತ್ತಿರದ ಅಡುಗೆಮನೆ ಅಂದದ್ದು.

ಹಳ್ಳಿ ಶಾಲೆಗಳಲ್ಲಿ ಇನ್ನೂ ಸುಲಭ. ಹಾಲು ಕಾಯಿಸಲು ಒಲೆ ಬೆಳಿಗ್ಗೆ ಹೇಗೂ ಹೊತ್ತುತ್ತದೆ. ಶನಿವಾರ ಬೆಳಗಿನ ಶಾಲೆ, ಅವತ್ತು ಅಡುಗೆ ಬೇಗ ಆಗುತ್ತದೆ. ಪಾತ್ರೆ ಇದೆ, ಕೈ ಇದೆ, ರೂಢಿ ಇದೆ. ಶನಿವಾರ ಆಗುವ ಕೆಲಸ ಸೋಮವಾರ ಆಗುವುದಿಲ್ಲ ಅಂದರೆ ಅದು ಅಡುಗೆಯ ಸಮಸ್ಯೆ ಅಲ್ಲ, ದುಡ್ಡಿನದು.

ದುಡ್ಡಿನ ಮಾತಿಗೇ ಬರುತ್ತೇನೆ. 2025ರ ಮೇ 1ರಿಂದ ಬಿಸಿಯೂಟದ ಸಾಮಗ್ರಿ ವೆಚ್ಚ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ, ಆರರಿಂದ ಎಂಟಕ್ಕೆ 10 ರೂಪಾಯಿ 17 ಪೈಸೆ. ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಗ್ಯಾಸು ಎಲ್ಲ ಇದರಲ್ಲೇ. ಧಾನ್ಯ ಮಾತ್ರ ಬೇರೆ. ತಿಂಡಿಗೂ ಇಷ್ಟೇ ಆಗುತ್ತದೆ ಅಂತ ಹಿಡಿಯಿರಿ. 220 ದಿನಕ್ಕೆ ಒಂದು ಚಿಕ್ಕ ಮಗುವಿಗೆ, ಧಾನ್ಯ ಬಿಟ್ಟು, 1,500 ರೂಪಾಯಿ ಒಳಗೇ ಬರುತ್ತದೆ. ರಾಜ್ಯದ ಎಲ್ಲ ಶಾಲೆಗೂ ಒಂದೇ ಸಲ ಬೇಡ. ಗುಳೆ ಹೋಗುವ ತಾಲ್ಲೂಕುಗಳಲ್ಲಿ ಮೊದಲು, ಗುಳೆ ಬಂದು ಸೇರುವ ಬೆಂಗಳೂರಿನ ಅಂಚಿನ ಶಾಲೆಗಳಲ್ಲಿ ಮೊದಲು.

ಗುಳೆ ಅಂದೆನಲ್ಲ, ಅಲ್ಲಿ ಇನ್ನೊಂದು ತೊಡಕಿದೆ. ಇದು ನನಗೆ ಎರಡೂ ತುದಿಯಿಂದ ಗೊತ್ತಿರುವ ವಿಷಯ. ಸುಗ್ಗಿ ಮುಗಿಯುತ್ತಿದ್ದಂತೆ ಯಾದಗಿರಿ, ರಾಯಚೂರು, ಕಲಬುರಗಿಯ ಕುಟುಂಬಗಳು ಬಸ್ಸು ಹತ್ತಿ ಬೆಂಗಳೂರಿಗೆ ಬರುತ್ತವೆ. ಕಟ್ಟಡದ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಉಳಿಯುತ್ತವೆ. ಆ ಮಗುವಿನ ಹೆಸರು ಊರಿನ ಶಾಲೆಯಲ್ಲಿದೆ, ಅಲ್ಲಿ ದಿನಾ ಗೈರುಹಾಜರಿ. ಇಲ್ಲಿ ಲೆಕ್ಕದಲ್ಲೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವರ್ಗಾವಣೆ ಪತ್ರ ತಡವಾಯಿತು, ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸುವಂತಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಆದರೂ ಮುಖ್ಯ ಶಿಕ್ಷಕರ ಕಷ್ಟ ಬೇರೆ. ಮಕ್ಕಳ ಹೆಸರೆಲ್ಲ ಇರುವುದು ಸ್ಯಾಟ್ಸ್ ಅನ್ನುವ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ. 'ಸ್ಯಾಟ್ಸ್‌ನಲ್ಲಿ ಹೆಸರು ಬರದೆ ಊಟದ ಲೆಕ್ಕದಲ್ಲಿ ಹೇಗೆ ತೋರಿಸಲಿ ಮೇಡಂ?' ಅಂತ ಕೇಳುತ್ತಾರೆ. ಹಳೇ ಶಾಲೆಯಿಂದ ಹೆಸರು ಬಿಡಿಸಿಕೊಳ್ಳುವಷ್ಟರಲ್ಲಿ ಕಟ್ಟಡದ ಸ್ಲ್ಯಾಬ್ ಮುಗಿದಿರುತ್ತದೆ, ಕುಟುಂಬ ಇನ್ನೊಂದು ಸೈಟಿಗೆ ಹೊರಟಿರುತ್ತದೆ.

ಎಷ್ಟೋ ಶಾಲೆಗಳಲ್ಲಿ ಅಡುಗೆಯವರು ಇಂಥ ಮಕ್ಕಳಿಗೆ ಸದ್ದಿಲ್ಲದೆ ಬಡಿಸುತ್ತಾರೆ. ಅಕ್ಕನ ಸೊಂಟದ ಮೇಲೆ ಕೂತು ಬರುವ ಮೂರು ವರ್ಷದ ಕೂಸಿಗೂ ಬಡಿಸುತ್ತಾರೆ. ಆ ಕೂಸನ್ನು ಬೇಡ ಅಂದರೆ ಅಕ್ಕನೂ ಬರುವುದಿಲ್ಲ ಅಂತ ಅವರಿಗೆ ಗೊತ್ತು. ಮುಖ ಗುರುತಿಸುವ ಯಂತ್ರ ಬಂದ ಮೇಲೆ ಈ ಮಕ್ಕಳ ಗತಿ ಏನು? ಆ್ಯಪ್‌ನಲ್ಲಿ ಮುಖ ಇಲ್ಲದ ಮಗುವಿಗೆ ಅನ್ನ ಹಾಕಿದ್ದಕ್ಕೆ ಅಡುಗೆಯವರಿಗೆ ನೋಟಿಸ್ ಹೋಗುತ್ತದಾ? ಇದಕ್ಕೆ ನಿಮ್ಮಿಂದ ನೇರ ಉತ್ತರ ಬೇಕು. ಗುಳೆ ಬಂದ ಮಕ್ಕಳಿಗೆ ಒಂದು ತಾತ್ಕಾಲಿಕ ಪುಸ್ತಕ ಇಡಲು ಆದೇಶ ಮಾಡಿ. ಹೆಸರು, ಊರು, ಬಂದ ತಾರೀಖು, ಅಷ್ಟು ಸಾಕು. ಅವತ್ತಿನಿಂದಲೇ ತಿಂಡಿ, ಊಟ ಎರಡೂ. ಊರಿನ ಶಾಲೆಗೆ ಒಂದು ಫೋನ್ ಮಾಡಿ ಮಗು ಇಲ್ಲಿದೆ ಅಂತ ತಿಳಿಸುವ ಕೆಲಸ ಸಿಆರ್‌ಪಿಗಳದ್ದಾಗಲಿ (ಸುತ್ತಲಿನ ಕೆಲವು ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗಳು).

ಶಿಕ್ಷಕರು ಈ ಪತ್ರ ಓದಿ ಬೈಯುತ್ತಾರೆ ಅಂತ ಗೊತ್ತು. ಈಗಿರುವ ಊಟ, ಹಾಲು, ಮೊಟ್ಟೆ, ಮಾತ್ರೆಗಳ ಲೆಕ್ಕವೇ ಸಾಕಾಗಿದೆ, ಪಾಠ ಯಾವಾಗ ಮಾಡೋಣ ಅನ್ನುತ್ತಾರೆ. ಅವರ ಮಾತು ಪೂರ್ತಿ ನಿಜ. ಮೊಟ್ಟೆ ಒಡೆದರೆ ಅದಕ್ಕೂ ಒಂದು ಷರಾ ಬರೆಯಬೇಕು. ಹಾಗಾಗಿ ತಿಂಡಿಯ ಜವಾಬ್ದಾರಿಯನ್ನು ಶಿಕ್ಷಕರ ಮೇಲೆ ಹೊರಿಸಬೇಡಿ. ಸ್ತ್ರೀಶಕ್ತಿ ಸಂಘಗಳಿವೆ, ಸಂಜೀವಿನಿ ಮಹಿಳಾ ಒಕ್ಕೂಟಗಳಿವೆ. ಖರೀದಿ, ಅಡುಗೆ, ಲೆಕ್ಕ ಎಲ್ಲ ಅವರಿಗೆ ಬಿಡಿ. ಮೇಲೆ ನೋಡಿಕೊಳ್ಳಲು ಎಸ್‌ಡಿಎಂಸಿಯ, ಅಂದರೆ ಪೋಷಕರಿರುವ ಶಾಲಾ ಸಮಿತಿಯ, ತಾಯಂದಿರು ಇರಲಿ.

ಇನ್ನು ಅಡುಗೆಯವರು. ಕೇಂದ್ರ ಸರ್ಕಾರ 2009ರಲ್ಲಿ ಅಡುಗೆಯವರಿಗೆ ತಿಂಗಳಿಗೆ 1,000 ರೂಪಾಯಿ ಅಂತ ನಿಗದಿ ಮಾಡಿತು. ಅದರಲ್ಲಿ ಕೇಂದ್ರದ ಪಾಲು ಈಗ 600. ಅವತ್ತಿನಿಂದ ಆ ಒಂದು ಸಾವಿರ ಅಲ್ಲೇ ನಿಂತಿದೆ. ಉಳಿದದ್ದನ್ನು ರಾಜ್ಯವೇ ಸೇರಿಸುತ್ತಿದೆ. 2025ರ ಬಜೆಟ್‌ನಲ್ಲಿ ನೀವು ಒಂದು ಸಾವಿರ ಏರಿಸಿದಿರಿ, ಅದನ್ನು ಮರೆಯುವುದಿಲ್ಲ. ಏರಿಸಿದ ಮೇಲೂ ತಿಂಗಳಿಗೆ ಐದು ಸಾವಿರ ಮುಟ್ಟಿಲ್ಲ. ಇವರಲ್ಲಿ ಎಷ್ಟೋ ಜನ ವಿಧವೆಯರು, ದಲಿತ ಹೆಣ್ಣುಮಕ್ಕಳು. ಫ್ರೀಡಂ ಪಾರ್ಕಿನಲ್ಲಿ ಅವರು ಬಂದು ಧರಣಿ ಕೂತಾಗ ಟ್ರಾಫಿಕ್ ಆಯಿತು ಅಂತ ಬೈದು ಹೋಗುವವರನ್ನು ನೋಡಿದ್ದೇನೆ. ತಿಂಡಿಯ ಕೆಲಸವನ್ನು ಇದೇ ಸಂಬಳದಲ್ಲಿ ಇವರ ತಲೆಗೇ ಕಟ್ಟುವುದಾದರೆ ನನ್ನ ಬೇಡಿಕೆಯನ್ನು ಈಗಲೇ ವಾಪಸ್ ತೆಗೆದುಕೊಳ್ಳುತ್ತೇನೆ. ಎರಡು ಹೊತ್ತಿನ ಅಡುಗೆಗೆ ಎರಡು ಹೊತ್ತಿನ ಕೂಲಿ ಕೊಡಿ. ಅಥವಾ ಬೆಳಿಗ್ಗೆಗೆ ಬೇರೆ ಜನರನ್ನು ತೆಗೆದುಕೊಳ್ಳಿ.

ಕೊನೆಯದಾಗಿ ಕಾನೂನಿನ ಮಾತು. ಮಧ್ಯಾಹ್ನದ ಊಟಕ್ಕೆ 2013ರ ಆಹಾರ ಭದ್ರತಾ ಕಾಯ್ದೆಯ ಬಲ ಇದೆ. 2015ರ ನಿಯಮಗಳ ಪ್ರಕಾರ ಒಂದು ದಿನ ಊಟ ತಪ್ಪಿದರೂ ಮಗುವಿಗೆ ಅದರ ಬದಲು ಧಾನ್ಯ ಮತ್ತು ಹಣ ಕೊಡಬೇಕು. ಸತತ ಮೂರು ದಿನ ಅಥವಾ ತಿಂಗಳಲ್ಲಿ ಐದು ದಿನ ತಪ್ಪಿದರೆ ಯಾರು ಹೊಣೆ ಅಂತ ಸರ್ಕಾರ ಗುರುತಿಸಬೇಕು. ಇದು ಎಷ್ಟು ಪೋಷಕರಿಗೆ ಗೊತ್ತಿದೆ? ಶಾಲೆಯ ಗೋಡೆಯ ಮೇಲೆ ಮೆನು ಬರೆಸುತ್ತೀರಿ, ಅದರ ಕೆಳಗೆ ಈ ಎರಡು ಸಾಲನ್ನೂ ಬರೆಸಿ. ತಿಂಡಿ ಯೋಜನೆ ಬಂದರೆ ಅದನ್ನೂ ಇಂಥದೇ ನಿಯಮದೊಳಗೆ ತನ್ನಿ. ಇಲ್ಲದಿದ್ದರೆ ಸರ್ಕಾರ ಬದಲಾದ ದಿನ ಒಲೆಯೂ ಆರುತ್ತದೆ.

ಮುಂದಿನ ಬಜೆಟ್ ತಯಾರಿ ಶುರುವಾಗುವ ಮೊದಲು ಸುರಪುರ ಮತ್ತು ಆನೇಕಲ್, ಈ ಎರಡು ತಾಲ್ಲೂಕುಗಳಲ್ಲಿ ಒಂದು ಶೈಕ್ಷಣಿಕ ವರ್ಷ ತಿಂಡಿ ಕೊಟ್ಟು ನೋಡಿ. ತಿಂಗಳ ತಿಂಗಳ ಹಾಜರಿಯನ್ನು ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿ. ಹತ್ತಿ ಬಿಡಿಸುವ ತಿಂಗಳುಗಳ ಹಾಜರಿಯನ್ನು ಮಾತ್ರ ಬೇರೆಯಾಗಿ ತೋರಿಸಿ, ವರ್ಷದ ಸರಾಸರಿಯಲ್ಲಿ ಅದು ಮುಚ್ಚಿಹೋಗುತ್ತದೆ. ಗ್ಯಾಸ್ ಸಿಲಿಂಡರಿನ ದುಡ್ಡನ್ನು ಮೊದಲೇ ಬಿಡುಗಡೆ ಮಾಡಿ. ಮುಖ್ಯ ಶಿಕ್ಷಕರು ತಮ್ಮ ಜೇಬಿನಿಂದ ಕೊಟ್ಟು ಬಿಲ್ಲಿಗಾಗಿ ತಾಲ್ಲೂಕು ಕಚೇರಿಗೆ ಅಲೆಯುವುದು ಈಗಿನ ಊಟಕ್ಕೇ ಸಾಕಷ್ಟಾಗಿದೆ.

ಇಂತಿ,
ನಿವೃತ್ತ ಸರ್ಕಾರಿ ಶಾಲಾ ಶಿಕ್ಷಕಿ,
ಬೆಂಗಳೂರು